ಗರ ಬದಲಿಸಬಹುದೇ?

ಚೌಕಾಬಾರ ಆಡಿದ್ದೀರಾ? ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜಗಳ ಒಂದು ಮಗ್ಗುಲನ್ನು ಕಲ್ಲಿಗೆ ತೇಯ್ದು ಬಿಳಿ ಮಾಡಿದರೆ ಸಾಕು. ಎಷ್ಟು ಬಿಳಿ ಮೇಲಾಗಿ ಬೀಳುತ್ತವೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಬಿಳಿಯಾದರೆ ಚೌಕ. ನಾಲ್ಕೂ ಕಪ್ಪಾದರೆ ಬಾರ, ಅಂದರೆ 8.

ಬೆಂಗಳೂರಿನ ಸುದ್ದಗುಂಟೆಪಾಳ್ಯದ ಒಂದು ಮನೆಯಲ್ಲಿ ಅಕ್ಕ, ತಮ್ಮ ಆಡುತ್ತಿದ್ದಾರೆ ಎಂದುಕೊಳ್ಳಿ. ಚೌಕ ಅಥವಾ ಬಾರ ಬಿದ್ದರೆ ಮಾತ್ರ ಕಾಯಿ ಹೊರಡಬೇಕೆಂಬುದು ಅವರ ನಿಯಮ. ತಮ್ಮನಿಗೆ ಅದು ಬೀಳುತ್ತಲೇ ಇಲ್ಲ, ಕಣ್ಣು ತುಂಬಿದೆ. ಅವನು ಅತ್ತ ತಿರುಗಿದಾಗ ಅಕ್ಕ ಒಂದು ಬೀಜವನ್ನು ಮೆಲ್ಲನೆ ಮಗುಚುತ್ತಾಳೆ. "ಚೌಕ ಬಿತ್ತು ಕಣೋ!"

ಅವಳು ಶಕುನಿಯಂತೆ ತಾನು ಗೆಲ್ಲಲು ಹೀಗೆ ಮಾಡಲಿಲ್ಲ. ಆದರೂ ಇದು ಸರಿಯೇ?

1974ರಲ್ಲಿ ಅಮೆರಿಕದಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಬಂತು. ಅದರಲ್ಲಿ ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ರಾಕ್ಷಸನ ಏಟು ತಗಲಿತೇ ಎಂಬುದನ್ನು 20 ಮುಖಗಳ ದಾಳ ಹೇಳುತ್ತದೆ. ಕತೆ ನಡೆಸುವವರು ಹಲವು ವೇಳೆ ರಟ್ಟಿನ ಮರೆಯಲ್ಲಿ ದಾಳ ಹಾಕುತ್ತಾರೆ. ಹೊಸಬರ ಪಾತ್ರ ಬೇಗ ಸಾಯದಿರಲೆಂದು ಬಿದ್ದ ಸಂಖ್ಯೆಯನ್ನು ಬಿಟ್ಟು ಬೇರೊಂದನ್ನು ಹೇಳುವವರೂ ಇದ್ದಾರೆ! ಕತೆ ಚೆನ್ನಾಗಿ ಸಾಗಿದರೆ ಸಾಕೆಂದು ಕೆಲವರು, ಹಾಗಾದರೆ ದಾಳವೇಕೆ ಎಂದು ಕೆಲವರು.

ಈಗ ಲೆಕ್ಕ ನೋಡೋಣ. ಒಂದು ಬೀಜ ಎರಡು ರೀತಿ ಬೀಳಬಹುದು. ನಾಲ್ಕು ಬೀಜಗಳಿಗೆ 2×2×2×2 = 16 ರೀತಿ. ಇವುಗಳಲ್ಲಿ ಚೌಕ ಒಂದು, ಬಾರ ಒಂದು. ಎರಡು ಮಗ್ಗುಲೂ ಸಮನಾಗಿ ಬೀಳುವುದಾದರೆ 160 ಸಲ ಹಾಕಿದಾಗ ಸುಮಾರು 20 ಸಲ ಇವೆರಡರಲ್ಲೊಂದು ಬೀಳಬೇಕು. ತಮ್ಮ ಬರೆದಿಟ್ಟು ಎಣಿಸಿದಾಗ 50 ಬಂದರೆ? ಅನುಮಾನ ಬಾರದಿರದು. ಆಗ ಅಕ್ಕ ಮಗುಚಿದ ಚೌಕಗಳಷ್ಟೇ ಅಲ್ಲ, ಅವನಿಗೆ ನಿಜವಾಗಿ ಬಿದ್ದವುಗಳ ಮೇಲೂ ನಂಬಿಕೆ ಹೋಗುತ್ತದೆ. ಅವನ ಪಾಲಿಗೆ ಇದು ದೊಡ್ಡ ನಷ್ಟವೇ.

ಇದಕ್ಕಿಂತ ಆಟಕ್ಕೆ ಮೊದಲೇ ನಿಯಮ ಬದಲಿಸುವುದು ಮೇಲು: "ನೀನು ಚಿಕ್ಕವನು, ಬೇಡವಾದದ್ದು ಬಿದ್ದರೆ ಇನ್ನೊಮ್ಮೆ ಹಾಕು." ಇದರಿಂದ ಎಷ್ಟು ಲಾಭ? 64 ಸರದಿಗಳಲ್ಲಿ ಮೊದಲ ಸಲಕ್ಕೇ ಸುಮಾರು 8 ಬಾರಿ ಗೆಲುವು. ಉಳಿದ 56ರಲ್ಲಿ ಇನ್ನೊಮ್ಮೆ ಹಾಕಿದಾಗ ಮತ್ತೆ 7. ಒಟ್ಟು 15, ಹೆಚ್ಚುಕಡಿಮೆ ಎರಡರಷ್ಟು! ಬೀಜವನ್ನು ಯಾರೂ ಮುಟ್ಟಬೇಕಾಗಿಲ್ಲ.

ನೀವೂ ನಾಲ್ಕು ಬೀಜ ತೇಯ್ದು 160 ಸಲ ಹಾಕಿ, ಬಿದ್ದದ್ದನ್ನೆಲ್ಲ ಬರೆಯಿರಿ. 20ಕ್ಕಿಂತ ತುಂಬಾ ಹೆಚ್ಚು ಬಂದರೆ ಗೆಳೆಯರನ್ನು ದೂರುವ ಮೊದಲು ಬೀಜಗಳನ್ನು ಒಂದೊಂದಾಗಿ ಹಾಕಿ ನೋಡಿ. ಹೆಚ್ಚು ತೇಯ್ದ ಬೀಜ ಒಂದೇ ಮಗ್ಗುಲಿಗೆ ಬೀಳುತ್ತಿರಬಹುದು.