ಹಾಲುಬಾಯಿಯ ಹೆಪ್ಪು

ಮಳೆಗಾಲದ ಒಂದು ಸಂಜೆ ಸಕಲೇಶಪುರದ ಆಚೆ, ವನಗೂರಿನಲ್ಲಿ, ಪರಿಚಿತರೊಬ್ಬರ ಮನೆಯಲ್ಲಿ ನಾವು ಅತಿಥಿಗಳಾಗಿದ್ದೆವು. ಮರುದಿನ ಆ ಮನೆಯ ಹುಡುಗಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅವರ ಉಪಚಾರಕ್ಕೆಂದು ಮನೆಯ ಸೊಸೆ ಅಕ್ಕಿ, ಕಾಯಿ, ಬೆಲ್ಲ ಸೇರಿಸಿ ಹಾಲುಬಾಯಿ ಮಗುಚಿ, ತುಪ್ಪ ಸವರಿದ ತಟ್ಟೆಗೆ ಸುರಿದರು. ಎರಡು ಗಂಟೆ ಕಳೆದರೂ ಅದು ಗಟ್ಟಿಯಾಗಲಿಲ್ಲ. ನಾಲ್ಕಕ್ಷರ ವಿಜ್ಞಾನ ಓದಿದವರೆಂಬ ಧೈರ್ಯದಿಂದ ನಾವು, “ಈ ಚಳಿಯಲ್ಲಿ ಬೆಳಗಾಗುವುದರೊಳಗೆ ತಾನಾಗಿ ಹೆಪ್ಪುಗಟ್ಟುವುದು” ಎಂದು ಸಮಾಧಾನ ಹೇಳಿದೆವು. ಬೆಳಗ್ಗೆ ನೋಡಿದರೆ ತಟ್ಟೆಯಲ್ಲಿದ್ದುದು ಅದೇ ಗಂಜಿ. ಅಜ್ಜಿಯೊಬ್ಬರು ಬೆರಳಿನಲ್ಲಿ ಮುಟ್ಟಿ ನೋಡಿ, “ಬೆಂದೇ ಇಲ್ಲ ಕಣವ್ವ” ಎಂದರು.

ಅಜ್ಜಿಯ ಮಾತೇ ಸರಿ. ಅಕ್ಕಿಯ ಪಿಷ್ಟವು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ಮೂರರಿಂದ ಎಂಟರಷ್ಟು ಅಗಲದ ಕಣಗಳಾಗಿರುವುದು. ತಣ್ಣೀರಿನಲ್ಲಿ ಕದಡಿದರೆ ನೀರು ಬೆಳ್ಳಗಾಗುವುದು. ಬಿಟ್ಟರೆ ಹಿಟ್ಟು ತಳಕ್ಕಿಳಿಯುವುದು. ಅದು ಇನ್ನೂ ನಿಜವಾದ ಕಲಿಲವಲ್ಲ. ಕಾಯಿಸಿದಾಗ, ಭತ್ತದ ತಳಿಯನ್ನನುಸರಿಸಿ 55ರಿಂದ 80 ಡಿಗ್ರಿ ಸೆಂಟಿಗ್ರೇಡಿನೊಳಗೆ, ಕಣದೊಳಗಿನ ಬಿಗಿಯಾದ ಕಟ್ಟು ಸಡಿಲುವುದು. ಕಣಗಳು ನೀರನ್ನು ಕುಡಿದು ಉಬ್ಬುವುವು. ಒಳಗಿದ್ದ ಅಮೈಲೋಸ್ ಎಂಬ ನೀಳವಾದ ಅಣುಗಳು ಹೊರಗಿನ ನೀರಿಗೆ ಹರಿದು ಬರುವುವು. ಬಳಿಕ ಆರುತ್ತ ಬಂದಂತೆ ಈ ಎಳೆಗಳು ಒಂದನ್ನೊಂದು ಹಿಡಿದು ಬಲೆಯಾಗುವುವು. ನೀರು ಬಲೆಯ ಕಣ್ಣುಗಳಲ್ಲಿ ಸೆರೆಯಾಗುವುದು. ಹೀಗೆ ನೀರನ್ನು ಹಿಡಿದು ನಿಂತ ಗಟ್ಟಿಯೇ ಜೆಲ್. ಎಳೆ ಬಿಡಿಸುವುದು ಕಾವಿನ ಕೆಲಸ, ಹೆಣೆಯುವುದು ತಂಪಿನ ಕೆಲಸ. ಎಳೆಯೇ ಹೊರಬರದಿದ್ದರೆ ಮಲೆನಾಡಿನ ಚಳಿ ಹೆಣೆಯುವುದೇನನ್ನು?

ಹಾಗಾದರೆ ಒಲೆಯ ಮೇಲೆ ಅಷ್ಟು ಹೊತ್ತಿದ್ದೂ ಬೇಯಲಿಲ್ಲವೇಕೆ? ಬೆಟ್ಟದ ಎತ್ತರವನ್ನು ದೂರುವಂತಿಲ್ಲ. 900 ಮೀಟರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಯಲ್ಲಿ ಕುದಿಯುವುದು. ಪಿಷ್ಟಕ್ಕೆ ಅದು ಧಾರಾಳ. ತಪ್ಪಿತಸ್ಥರು ಇಬ್ಬರು: ಒದ್ದೆ ಸೌದೆ ಮತ್ತು ಬೆಲ್ಲ. ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಮ್ 1861ರಲ್ಲಿ ಪದಾರ್ಥಗಳನ್ನು ಸ್ಫಟಿಕದಂಥವು, ಅಂಟಿನಂಥವು ಎಂದು ವಿಂಗಡಿಸಿ, ಸಕ್ಕರೆಯನ್ನು ಮೊದಲನೆಯ ಪಂಕ್ತಿಯಲ್ಲಿಯೂ ಪಿಷ್ಟವನ್ನು ಎರಡನೆಯದರಲ್ಲಿಯೂ ಕೂರಿಸಿದನು. ಹಾಲುಬಾಯಿಯ ಬಾಣಲೆಯಲ್ಲಿ ಇವೆರಡೂ ಸಹಪಂಕ್ತಿಯವು. ನೀರಿಗಾಗಿ ಪೈಪೋಟಿ ಸಹಜ. ಬೆಲ್ಲ ಹೆಚ್ಚಿದಷ್ಟೂ ಪಿಷ್ಟವು ಉಬ್ಬಲು ಬೇಕಾದ ಕಾವು ಹಲವು ಡಿಗ್ರಿ ಮೇಲೇರುವುದು. ಆ ಸಂಜೆ ಬೆಲ್ಲವನ್ನು ಮೊದಲೇ ಸುರಿದಿದ್ದರು, ಸೌದೆ ಹೊಗೆಯಾಡುತ್ತಿತ್ತು. ಪಾಕ ಮಂದವಾದುದನ್ನು ಕಂಡು ಬೆಂದಿತೆಂದು ಇಳಿಸಿದರು. ಆದರೆ ಕಣಗಳು ಅರ್ಧ ಉಬ್ಬಿದರೂ ಪಾಕ ಮಂದವಾಗುವುದು. ತಳ ಬಿಟ್ಟು ಸವಟಿಗೆ ಮುದ್ದೆಯಾಗಿ ಸುತ್ತಿಕೊಳ್ಳುವವರೆಗೆ ಮಗುಚಬೇಕೆಂಬ ಹೆಂಗಸರ ನಿಯಮ ನಮ್ಮ ಉಷ್ಣಮಾಪಕಕ್ಕಿಂತ ನಂಬಿಕೆಗೆ ಅರ್ಹವೆಂದು ಅಂದಿನಿಂದ ನಾವು ಒಪ್ಪಿದ್ದೇವೆ.

ಎಲ್ಲ ಜೆಲ್‌ಗಳೂ ಕಾವಿಗೆ ಹೀಗೆಯೇ ನಡೆದುಕೊಳ್ಳುವುದಿಲ್ಲ. ಸಮುದ್ರದ ಪಾಚಿಯಿಂದ ತೆಗೆದ ಅಗರ್ ಸುಮಾರು 85 ಡಿಗ್ರಿಯಲ್ಲಿ ಕರಗಿ, 40ರ ಆಸುಪಾಸಿಗೆ ಇಳಿದ ಮೇಲೆಯೇ ಹೆಪ್ಪುಗಟ್ಟುವುದು. ಎಷ್ಟು ಸಲ ಬೇಕಾದರೂ ಹಾಗೆ ಮಾಡಬಹುದು. ಮೊಟ್ಟೆಯ ಬಿಳಿಯು ಕಾವಿನಿಂದಲೇ ಗಟ್ಟಿಯಾಗುವುದು, ಆರಿದರೆ ಹಿಂದಿರುಗದು. ಅಮೈಲೋಸಿನ ಬಲೆ ಒಮ್ಮೆ ಕಟ್ಟಿದರೆ ಅದನ್ನು ಬಿಚ್ಚಲು 100 ಡಿಗ್ರಿಗೂ ಮಿಕ್ಕ ಕಾವು ಬೇಕು. ಆದುದರಿಂದ ಹಾಲುಬಾಯಿಯ ತುಂಡನ್ನು ಬಿಸಿಮಾಡಿದರೆ ಮತ್ತೆ ನೀರಾಗುವುದಿಲ್ಲ.

ಅಜ್ಜಿಯವರು ತಟ್ಟೆಯಲ್ಲಿದ್ದುದನ್ನು ಬಾಣಲೆಗೆ ತಿರುವಿ, ಒಂದಿಷ್ಟು ಹಾಲೆರೆದು, ಒಣ ಸೌದೆ ಹುಡುಕಿಸಿ, ತಾವೇ ಮಗುಚಿದರು. ಗಂಡಿನ ಕಡೆಯವರ ಜೀಪು ಅಂಗಳಕ್ಕೆ ಬರುವ ಹೊತ್ತಿಗೆ ಚಾಕು ಹಾಲುಬಾಯಿಯಲ್ಲಿ ಅಂಟದೆ ಇಳಿಯುತ್ತಿತ್ತು.

ಅಂದಿನ ಕಡುಬಿನ ವಿಷಯ ಬೇರೆ. ಉಳಿದ ಕಡುಬು ಮರುದಿನ ಗಡುಸಾಯಿತು. ಪಿಷ್ಟದ ಇನ್ನೊಂದು ಅಂಶವಾದ ಅಮೈಲೋಪೆಕ್ಟಿನ್ ಮೆಲ್ಲಮೆಲ್ಲನೆ ಮತ್ತೆ ಜೋಡಣೆಗೊಳ್ಳುವುದೇ ಇದಕ್ಕೆ ಕಾರಣ. ಈ ಜೋಡಣೆ ಸುಮಾರು 60 ಡಿಗ್ರಿಗೇ ಕಳಚುವುದರಿಂದ ಹಬೆಗಿಟ್ಟೊಡನೆ ಕಡುಬು ಮೆತ್ತಗಾಗುವುದು. ನೀರು ಹೆಪ್ಪುಗಟ್ಟುವುದಕ್ಕಿಂತ ತುಸು ಮೇಲಿನ ತಂಪಿನಲ್ಲಿ ಅದು ಅತಿ ಶೀಘ್ರವಾಗಿ ನಡೆಯುವುದು. ಪಟ್ಟಣದ ಮನೆಗಳಲ್ಲಿ ಫ್ರಿಜ್ಜಿನಲ್ಲಿಟ್ಟ ಕಡುಬು ಹೊರಗಿಟ್ಟುದಕ್ಕಿಂತ ಬೇಗ ಗಟ್ಟಿಯಾಗುವುದು ಇದರಿಂದಲೇ.