ಮಂಗಳೂರು ಸೌತೆ ಮಂಗವಾದ ಕಥೆ



ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವಳು, ಕಂಪ್ಯೂಟರ್ ಓದಿದವಳಲ್ಲ. ಮೂವತ್ತು ವರ್ಷಗಳಿಂದ ದೆಹಲಿಯಲ್ಲಿ ಸಂಸಾರ ಮಾಡಿಕೊಂಡಿರುವ ಗೃಹಿಣಿ. ಇಂಥವಳು ಜಾಲತಾಣ ಕಟ್ಟುವ ಸಲಕರಣೆಗಳ ಬಗ್ಗೆ ಬರೆಯಹೊರಟರೆ ‘ಆಂಟಿಗೆ ಇದೆಲ್ಲಾ ಯಾಕೆ ಬೇಕಿತ್ತು’ ಎಂದು ನಿಮಗೆ ನಗು ಬಂದೀತು. ನಗಿ, ಪರವಾಗಿಲ್ಲ, ಆದರೆ ಪೂರ್ತಿ ಓದಿ. ಗುರುಗ್ರಾಮ, ನೋಯ್ಡಾಗಳ ಕಚೇರಿಗಳಲ್ಲಿ ಕೂತು ಊರಿಗೆಲ್ಲಾ ಜಾಲತಾಣ ಕಟ್ಟಿಕೊಡುವ ನಿಮಗೆ ನಮ್ಮ ಮನೆಯದೇ ಒಂದು ಕೆಲಸ ಕಾದಿದೆ.

ಕಳೆದುಹೋದ ತಾಣ

ನಮ್ಮದೊಂದು ಚಿಕ್ಕ ಕನ್ನಡ ಕೂಟ. ಚಾಣಕ್ಯಪುರಿಯ ಸತ್ಯ ಮಾರ್ಗ, ವಿನಯ ಮಾರ್ಗಗಳ ಸರ್ಕಾರಿ ಕ್ವಾರ್ಟರ್ಸುಗಳಲ್ಲಿದ್ದ ಹತ್ತಿಪ್ಪತ್ತು ಮನೆಯವರು ಸೇರಿ ಮಾಡಿಕೊಂಡದ್ದು. ಯುಗಾದಿಗೆ ಒಬ್ಬಟ್ಟು, ರಾಜ್ಯೋತ್ಸವಕ್ಕೆ ಹಾಡು, ವರ್ಷಕ್ಕೊಂದು ಸಂಚಿಕೆ. ಕೌಟಿಲ್ಯ ಮಾರ್ಗದ ಕರ್ನಾಟಕ ಭವನದಲ್ಲಿ ಊಟಕ್ಕೆ ಸೇರಿದಾಗಲೆಲ್ಲಾ ಮುಂದಿನ ಸಂಚಿಕೆಯದೇ ಮಾತು. ಕೆಲವು ವರ್ಷ ಕೂಟಕ್ಕೆ ಜಾಲತಾಣವೂ ಇತ್ತು. ಅದನ್ನು ಮಾಡಿಕೊಟ್ಟ ಹುಡುಗ ಬಲು ಒಳ್ಳೆಯವನು. ಆದರೆ ಪಾಸ್‌ವರ್ಡ್ ಅವನೊಬ್ಬನ ಬಳಿ, ನೋಂದಣಿ ಅವನ ಹೆಸರಿನಲ್ಲಿ, ಹಣ ಕಟ್ಟುವ ನೆನಪೋಲೆ ಬರುತ್ತಿದ್ದುದು ಅವನ ಹಳೆಯ ಕಚೇರಿಯ ವಿಳಾಸಕ್ಕೆ. ಅವನಿಗೆ ಹೊರದೇಶದಲ್ಲಿ ಕೆಲಸ ಸಿಕ್ಕಿತು. ನಾವು ಹಾರ ಹಾಕಿ ಬೀಳ್ಕೊಟ್ಟೆವು. ಮರುವರ್ಷ ತಾಣವೂ ನಮ್ಮನ್ನು ಬೀಳ್ಕೊಟ್ಟಿತು. ತಪ್ಪು ಅವನದಲ್ಲ. ಕೇಳಿಟ್ಟುಕೊಳ್ಳದ ನಮ್ಮೆಲ್ಲರದು.

ಆ ತಾಣದಲ್ಲಿ ನಮ್ಮ ಅಕ್ಕ ಒಬ್ಬರ ಲೇಖನವಿತ್ತು. 1970ರ ದಶಕದಲ್ಲಿ ಪುತ್ತೂರಿನ ಕಡೆಯಿಂದ ಮದುವೆಯಾಗಿ ಬಂದವರು. ವಯಸ್ಸಿನಲ್ಲಿ ಹಿರಿಯರು, ಹಾಗಾಗಿ ನಮಗೆಲ್ಲಾ ಅಕ್ಕ. ಲೇಖನದ ಹೆಸರು ‘ದೆಹಲಿ ಮಾರುಕಟ್ಟೆಯಲ್ಲಿ ಮಂಗಳೂರು ಸೌತೆ’. ಹುಳಿಗೆ ಸೌತೆಕಾಯಿ ಹುಡುಕಿಕೊಂಡು, ಹಿಂದಿ ಬಾರದೆ, ಬಸ್ಸಿನಿಂದ ಬಸ್ಸಿಗೆ ಅಲೆದು, ಕೊನೆಗೊಂದು ದಿನ ಐ.ಎನ್.ಎ. ಮಾರುಕಟ್ಟೆಯಲ್ಲಿ ಅದನ್ನು ಕಂಡು ಅಂಗಡಿಯವನ ಮುಂದೆಯೇ ಕಣ್ಣೊರೆಸಿಕೊಂಡದ್ದನ್ನು ಬರೆದಿದ್ದರು. ಅಕ್ಕ ತೀರಿಕೊಂಡು ನಾಲ್ಕು ವರ್ಷವಾಯಿತು. ಹೋದ ವರ್ಷ ಅವರ ಮೊಮ್ಮಗಳು ಫೋನು ಮಾಡಿ, ‘ಆಂಟಿ, ಅಜ್ಜಿ ಬರೆದದ್ದು ಏನಾದರೂ ಇದೆಯಾ?’ ಎಂದು ಕೇಳಿದಾಗ ನನಗೆ ಏನು ಹೇಳಬೇಕೋ ತೋಚಲಿಲ್ಲ.

ಹುಡುಕಲು ಕೂತೆವು. ಹಳೆಯ ಜಾಲಪುಟಗಳನ್ನು ಕೂಡಿಡುವ ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆ 1996ರಿಂದಲೂ ಇದೆ. ಅದರ ವೇಬ್ಯಾಕ್ ಮಷೀನ್‌ನಲ್ಲಿ ನಮ್ಮ ತಾಣದ ಮುಖಪುಟವೇನೋ ಸಿಕ್ಕಿತು, ಅಕ್ಕನ ಲೇಖನ ಸಿಗಲಿಲ್ಲ. ಅದು ಸಿಕ್ಕಿದ್ದು ನಮ್ಮ ಅಟ್ಟದ ಮೇಲಿನ ಬಿಸ್ಕತ್ತು ಡಬ್ಬದೊಳಗಿದ್ದ ಒಂದು ಸಿ.ಡಿ.ಯಲ್ಲಿ. ತೆರೆದರೆ ಕನ್ನಡವೇ ಇಲ್ಲ! ರೋಮನ್ ಅಕ್ಷರ, ಚುಕ್ಕಿ, ಗೀಟುಗಳ ಕಲಸುಮೇಲೋಗರ.

ಆಕಾರವೇ ಬೇರೆ, ಅಕ್ಷರವೇ ಬೇರೆ

ಬಿಡಿಸಿ ಹೇಳಿದವಳು ನೋಯ್ಡಾದಲ್ಲಿರುವ ನಮ್ಮ ಪರಿಚಯದವರ ಮಗಳು. ಓದಿದ್ದು ದೆಹಲಿಯಲ್ಲೇ, ಕೆಲಸ ಜಾಲತಾಣ ಕಟ್ಟುವುದು. ಅವಳು ಹೇಳಿದ್ದು ಹೀಗೆ: ಆ ಕಾಲದ ಬರಹ, ನುಡಿ ಮೊದಲಾದ ತಂತ್ರಾಂಶಗಳಲ್ಲಿ ಟೈಪು ಮಾಡಿದ್ದು ಕಡತದೊಳಗೆ ರೋಮನ್ ಅಕ್ಷರದ ಸಂಕೇತವಾಗಿಯೇ ಉಳಿಯುತ್ತಿತ್ತು. ಫಾಂಟ್ ಮಾತ್ರ ಅದಕ್ಕೆ ಕನ್ನಡದ ವೇಷ ತೊಡಿಸುತ್ತಿತ್ತು. ಫಾಂಟ್ ಇಲ್ಲದಿದ್ದರೆ ವೇಷ ಕಳಚಿತು. ಯೂನಿಕೋಡ್ ಹಾಗಲ್ಲ. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡಕ್ಕೆ 128 ಮನೆಗಳ ಸಾಲೊಂದಿದೆ. ಅಲ್ಲಿ ‘ಕ’ ಎಂದರೆ ಯಾವ ಯಂತ್ರದಲ್ಲೂ ‘ಕ’ವೇ.

ಹಳೆಯದನ್ನು ಹೊಸದಕ್ಕೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡದ ಹುಡುಗರೇ ಮಾಡಿಟ್ಟಿದ್ದಾರೆ. ಅರವಿಂದ ವಿ.ಕೆ. ಅವರದು ಅಂಥದೊಂದು. ಅಂಟಿಸಿ ಒತ್ತಿದರೆ ಸಾಕು. ಅವಳು ಒತ್ತಿದಳು, ಅಕ್ಕ ಮತ್ತೆ ಕನ್ನಡದಲ್ಲಿ ಮಾತಾಡತೊಡಗಿದರು. ಆದರೆ ಅಲ್ಲಲ್ಲಿ ತೊದಲು. ಹಳೆಯ ಕಡತದಲ್ಲಿ ಅರ್ಕಾವತ್ತು ಅಕ್ಷರದ ನಂತರ ಬಂದರೆ ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಎಡವುವುದು ಇಂಥಲ್ಲೇ. ‘ಸೂರ್ಯ’ ಸರಿಯಾಗಿದ್ದಾನೋ ಇಲ್ಲವೋ ಎಂದು ಅವಳಿಗೆ ತಿಳಿಯದು, ಕನ್ನಡ ಓದುವಾಗ ತಡವರಿಸುತ್ತಾಳೆ. ನನಗೆ ಕನ್ನಡ ಬರುತ್ತದೆ, ಕೋಡ್ ಎಂದರೆ ಎದೆ ಢವಗುಟ್ಟುತ್ತದೆ. ಇಬ್ಬರೂ ಒಂದೇ ಮೇಜಿಗೆ ಕೂತೆವು. ಅವಳು ಒತ್ತುವುದು, ನಾನು ಓದುವುದು. ನನಗೆ ಆಗ ಹೊಳೆದದ್ದೇ ಈ ಲೇಖನದ ತಿರುಳು: ಸಲಕರಣೆಗಳೆಲ್ಲಾ ಸಿದ್ಧವಾಗಿವೆ, ಬಹುಪಾಲು ಪುಕ್ಕಟೆ. ಇಲ್ಲದಿರುವುದು ನೀವೂ ನಾವೂ ಒಟ್ಟಿಗೆ ಕೂರುವ ಮೇಜು.

ಇಡ್ಲಿ ತಟ್ಟೆ, ಇಡ್ಲಿ ಹಿಟ್ಟು

ನಿಮ್ಮಲ್ಲಿ ಈ ಕಸುಬಿನವರಲ್ಲದವರಿಗಾಗಿ ಎರಡು ಮಾತು. ಮೊದಲು ಪ್ರತಿ ಪುಟವನ್ನೂ ಕೈಯಲ್ಲೇ ಕಟ್ಟಬೇಕಿತ್ತಂತೆ. ಈಗ ವಿಷಯ ನಿರ್ವಹಣಾ ವ್ಯವಸ್ಥೆ ಎಂಬುದಿದೆ, ಚಿಕ್ಕದಾಗಿ ಸಿ.ಎಂ.ಎಸ್. ನಾನು ಅರ್ಥ ಮಾಡಿಕೊಂಡದ್ದು ಇಡ್ಲಿಯ ಲೆಕ್ಕದಲ್ಲಿ. ಥೀಮ್ ಎಂಬುದು ತಟ್ಟೆ, ಬರಹ ಎಂಬುದು ಹಿಟ್ಟು. ತಟ್ಟೆ ಬದಲಾಯಿಸಿದರೆ ಇಡ್ಲಿಯ ಆಕಾರ ಬದಲಾದೀತು, ಹಿಟ್ಟು ಕೆಡುವುದಿಲ್ಲ. ಹಿಟ್ಟು ಹುಯ್ಯಲು ನನ್ನಂಥವಳೂ ಸಾಕು, ತಟ್ಟೆ ಮಾಡಲು ನೀವು ಬೇಕು.

ಇವುಗಳಲ್ಲಿ ಹೆಸರಾದವು ಮೂರು. ಬೆಲ್ಜಿಯಂನ ಡ್ರೀಸ್ ಬೈಟಾರ್ಟ್ 2001ರಲ್ಲಿ ಹೊರತಂದ ಡ್ರುಪಾಲ್. ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ 2003ರ ಮೇ 27ರಂದು ಬಿಡುಗಡೆ ಮಾಡಿದ ವರ್ಡ್‌ಪ್ರೆಸ್. 2005ರಲ್ಲಿ ಬಂದ ಜೂಮ್ಲಾ. ಈ ಹೆಸರು ‘ಎಲ್ಲರೂ ಒಟ್ಟಾಗಿ’ ಎಂಬ ಅರ್ಥದ ಸ್ವಾಹಿಲಿ ಮಾತಿನಿಂದ ಬಂದದ್ದಂತೆ. ನಮ್ಮ ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಒಟ್ಟು ಮೊತ್ತಕ್ಕೆ ‘ಜುಮ್ಲಾ’ ಎಂದು ಬರೆಯುತ್ತಿದ್ದರಲ್ಲ, ಅದೇ ಬಳಗದ ಮಾತು! ಮೂರೂ ಮುಕ್ತ ತಂತ್ರಾಂಶಗಳು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಹಣ ಬೇಕಾಗುವುದು ತಾಣದ ಹೆಸರಿಗೆ ಮತ್ತು ಅದನ್ನಿಡುವ ಜಾಗಕ್ಕೆ ಮಾತ್ರ.

ಕನ್ನಡಿಗರು ಇದರಲ್ಲಿ ಹಿಂದೆ ಬಿದ್ದವರೇನಲ್ಲ. 2003ರ ಜೂನ್‌ನಲ್ಲೇ ಕನ್ನಡ ವಿಕಿಪೀಡಿಯ ಹುಟ್ಟಿತು, ಮೀಡಿಯಾವಿಕಿ ಎಂಬ ವ್ಯವಸ್ಥೆಯ ಮೇಲೆ. ಹರಿಪ್ರಸಾದ್ ನಾಡಿಗ್ ಅವರು 2005ರಲ್ಲಿ ಆರಂಭಿಸಿದ ‘ಸಂಪದ’ವನ್ನು ಡ್ರುಪಾಲ್ ಮೇಲೆ ಕಟ್ಟಿದರು. ಎಷ್ಟೋ ಜನ ಮೊದಲ ಬಾರಿಗೆ ಕನ್ನಡದಲ್ಲಿ ಟೈಪು ಮಾಡಿ ಬರೆದದ್ದು ಅಲ್ಲಿಯೇ.

ಮಂಗ ಬಂದದ್ದು ಎಲ್ಲಿಂದ?

ನಾವು ವರ್ಡ್‌ಪ್ರೆಸ್ ಆರಿಸಿಕೊಂಡೆವು. ಅಕ್ಕನ ಲೇಖನ ಏರಿಸಿ, ಪ್ರಕಟಿಸಿ, ಮೇಲೆ ವಿಳಾಸದ ಪಟ್ಟಿಯಲ್ಲಿ ನೋಡಿದರೆ ಹೀಗಿತ್ತು: ‘ದೆಹಲಿ-ಮಾರುಕಟ್ಟೆಯಲ್ಲಿ-ಮಂಗ’. ಅಕ್ಕ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಕಾರಣ ಕೇಳಿ. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ವಿಳಾಸದಲ್ಲಿ ಬರೆಯುವಾಗ ಅದು ಒಂಬತ್ತು ಗುರುತುಗಳಾಗುತ್ತದೆ. ವಿಳಾಸದ ಈ ಭಾಗಕ್ಕೆ ವರ್ಡ್‌ಪ್ರೆಸ್ ಕೊಡುವ ಜಾಗ 200 ಗುರುತು. ಅಂದರೆ ಹೆಚ್ಚೆಂದರೆ 22 ಸಂಕೇತ. ‘ಟ್ಟೆ’ ಎಂಬ ಒಂದೇ ಅಕ್ಷರ ನಾಲ್ಕು ಸಂಕೇತ ನುಂಗುತ್ತದೆ. ಲೆಕ್ಕ ಹಾಕಿದರೆ ಕತ್ತರಿ ಬೀಳುವುದು ಸರಿಯಾಗಿ ‘ಮಂಗ’ ಆದ ಮೇಲೆ! ಪರಿಹಾರ ಸುಲಭ: ತಲೆಬರಹ ಕನ್ನಡದಲ್ಲೇ ಇರಲಿ, ವಿಳಾಸದ ಆ ತುಣುಕನ್ನು ಮಾತ್ರ ರೋಮನ್ ಲಿಪಿಯಲ್ಲಿ ಚಿಕ್ಕದಾಗಿ ಬರೆದುಬಿಡಿ. ಪ್ರಕಟಿಸುವ ಮೊದಲೇ ಬರೆಯಿರಿ. ಹಂಚಿದ ಮೇಲೆ ವಿಳಾಸ ಬದಲಾಯಿಸುವುದು ಮನೆ ಬದಲಾಯಿಸಿದ ಹಾಗೆ, ಬಂಧುಗಳು ಹಳೆಯ ಬಾಗಿಲು ತಟ್ಟುತ್ತಾರೆ.

ಇಂಥ ಕನ್ನಡದ್ದೇ ಆದ ತೊಡಕುಗಳು ಇನ್ನೂ ಕೆಲವು. ಇಂಗ್ಲಿಷ್ ಕೈಪಿಡಿಗಳಲ್ಲಿ ಇವು ಕಣ್ಣಿಗೆ ಬೀಳುವುದು ಕಷ್ಟ, ಗುರುತು ಹಾಕಿಕೊಳ್ಳಿ.

ಒಂದು: ಅನುಸ್ವಾರ ಮತ್ತು ಸೊನ್ನೆ. ‘ಮಂಗಳೂರು’ ಬರೆಯುವಾಗ ಎಷ್ಟೋ ಜನ ಕನ್ನಡದ ಸೊನ್ನೆ ಅಂಕಿಯನ್ನು ಒತ್ತಿರುತ್ತಾರೆ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಹುಡುಕಿದರೆ ಲೇಖನ ಸಿಗುವುದಿಲ್ಲ. ಹಳೆಯ ಬರಹ ಏರಿಸುವ ಮೊದಲು ಪದದ ನಡುವಿನ ಸೊನ್ನೆಗಳನ್ನು ಹುಡುಕಿ ತಿದ್ದಿ.

ಎರಡು: ಕಾಣದ ಗುರುತು. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರದ ಕೆಳಗೆ ಕಕಾರ ಒತ್ತಾಗಿ ಬೀಳದಂತೆ ನಡುವೆ ಒಂದು ಕಾಣದ ಸಂಕೇತ ಇರುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಹಾಕದೆ ಬರೆದರೆ ಹೆಸರು ಎರಡಾಗುತ್ತದೆ. ಹಾಗೆಯೇ ಒಬ್ಬರ ‘ದೆಹಲಿ’, ಇನ್ನೊಬ್ಬರ ‘ದಿಲ್ಲಿ’. ವಿಂಗಡಣೆಯ ಪದಗಳನ್ನು ಮೊದಲೇ ಒಪ್ಪಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಮೂರು: ಒತ್ತಕ್ಷರಕ್ಕೆ ಜಾಗ. ಇಂಗ್ಲಿಷಿಗೆ ಅಳೆದು ಮಾಡಿದ ತಟ್ಟೆಯಲ್ಲಿ ಸಾಲುಗಳು ಒತ್ತಾಗಿದ್ದರೆ ಕನ್ನಡದ ಒತ್ತಕ್ಷರಗಳ ಕಾಲು ಕತ್ತರಿಸಿಹೋಗಬಹುದು. ಸಾಲುಗಳ ನಡುವೆ ಹೆಚ್ಚು ಜಾಗ ಬಿಡಿ, ಅಕ್ಷರಗಳ ನಡುವೆ ಅಂತರ ಎಳೆಯಬೇಡಿ. ನೋಟೋ ಕನ್ನಡ, ಬಾಲೂ ತಮ್ಮ ಮೊದಲಾದ ಫಾಂಟುಗಳು ಪುಕ್ಕಟೆಯಾಗಿ ಸಿಗುತ್ತವೆ. ‘ಸ್ವಾತಂತ್ರ್ಯ’, ‘ರಾಷ್ಟ್ರ’, ‘ಲಕ್ಷ್ಮೀ’ ಎಂದು ಬರೆದು ಫೋನಿನಲ್ಲಿ ತೆರೆದು ನಿಮ್ಮ ಅಮ್ಮನಿಗೆ ತೋರಿಸಿ. ಅಮ್ಮನಿಗಿಂತ ಒಳ್ಳೆಯ ಪರೀಕ್ಷಕರು ಯಾರಿದ್ದಾರೆ?

‘ಹೋಮ್’ ಎಂದರೆ ಮನೆಯಲ್ಲ

ನನ್ನ ಬಿ.ಎ. ಕೊನೆಗೂ ಉಪಯೋಗಕ್ಕೆ ಬಂದದ್ದು ಅನುವಾದದಲ್ಲಿ. ಈ ತಂತ್ರಾಂಶಗಳ ಗುಂಡಿ, ಸೂಚನೆಗಳನ್ನೆಲ್ಲಾ ಕನ್ನಡಕ್ಕೆ ತರುವ ಕೆಲಸ ಸ್ವಯಂಸೇವಕರದು. ವರ್ಡ್‌ಪ್ರೆಸ್‌ಗೆ ಗ್ಲಾಟ್‌ಪ್ರೆಸ್ ಎಂಬ ಸಲಕರಣೆ, ಮೀಡಿಯಾವಿಕಿಗೆ ಟ್ರಾನ್ಸ್‌ಲೇಟ್‌ವಿಕಿ, ಡ್ರುಪಾಲ್‌ಗೂ ಅದರದೇ ಅನುವಾದ ಕೇಂದ್ರ. ವರ್ಡ್‌ಪ್ರೆಸ್‌ನಲ್ಲಿ ಖಾತೆ ತೆರೆದು ಯಾರು ಬೇಕಾದರೂ ಒಂದೊಂದು ಸಾಲಿಗೆ ಕನ್ನಡ ಸೂಚಿಸಬಹುದು. ಅನುಭವಿ ಸಂಪಾದಕರು ನೋಡಿ ಒಪ್ಪಿದ ಮೇಲೆ ಅದು ಸೇರ್ಪಡೆ. ಕೋಡ್ ಬಾರದವರಿಗೂ ಇಲ್ಲಿ ಮಣೆ ಹಾಕಿದ್ದಾರೆ.

ಆದರೆ ಸುಲಭವೆಂದುಕೊಳ್ಳಬೇಡಿ. ‘ಹೋಮ್’ ಎಂಬುದನ್ನು ‘ಮನೆ’ ಎಂದರೆ ಯಾರ ಮನೆ? ‘ಮುಖಪುಟ’ ಎನ್ನಬೇಕು. ‘ಡ್ರಾಫ್ಟ್’ಗೆ ‘ಕರಡು’ ಎಂಬ ಸೊಗಸಾದ ಮಾತಿದೆ. ಒಳಗೆ ಕಾಲಿಟ್ಟವರನ್ನು ಇಂಗ್ಲಿಷ್ ವರ್ಡ್‌ಪ್ರೆಸ್ ‘ಹೌಡಿ’ ಎಂದು ಸ್ವಾಗತಿಸುತ್ತದೆ, ಅಮೆರಿಕದ ಟೆಕ್ಸಸ್ ಕಡೆಯವರ ಹಾಗೆ. ನಮಗೆ ‘ನಮಸ್ಕಾರ’ ಸಾಕಲ್ಲವೇ? ಸಾಲುಗಳ ನಡುವೆ ಶೇಕಡಾ ಗುರುತು ಬಂದರೆ ಮುಟ್ಟಬೇಡಿ, ಅದು ಹೆಸರೋ ಸಂಖ್ಯೆಯೋ ಬಂದು ಕೂರುವ ಖಾಲಿ ಕುರ್ಚಿ. ಕುರ್ಚಿಗಳಿಗೆ ನಂಬರು ಹಾಕಿದ್ದರೆ ಹಿಂದೆ ಮುಂದೆ ಮಾಡಬಹುದು, ಕನ್ನಡದ ಪದಕ್ರಮಕ್ಕೆ ಅದು ಬೇಕೇ ಬೇಕು. ಇನ್ನು ‘ಬರೆದನು’ ಎನ್ನುವುದೋ, ‘ಬರೆದರು’ ಎನ್ನುವುದೋ? ಯಂತ್ರಕ್ಕೆ ಹಿರಿಯರು ಕಿರಿಯರೆಂದು ಗೊತ್ತಿಲ್ಲ. ‘ಬರೆದವರು’ ಎಂದು ಹಾಕಿ ಹೆಸರು ಮುಂದಿಟ್ಟರೆ ಯಾರಿಗೂ ಅಗೌರವವಿಲ್ಲ.

ಪದ ತಿಳಿಯದಿದ್ದರೆ ‘ಅಲರ್’ ನಿಘಂಟು ನೋಡಿ. ವಿ. ಕೃಷ್ಣ ಎಂಬುವರು ನಾಲ್ಕು ದಶಕ ಒಬ್ಬರೇ ಕೂತು ಸಂಗ್ರಹಿಸಿದ ಕನ್ನಡ-ಇಂಗ್ಲಿಷ್ ಕೋಶ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು. 2019ರಲ್ಲಿ ಅದನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟರು. ಇಂಗ್ಲಿಷಿನಲ್ಲಿ ಅರ್ಥ ಸಿಗುವುದರಿಂದ ಇದು ನಿಮಗೆಂದೇ ಮಾಡಿದಂತಿದೆ.

ಬೀಗದ ಕೈ ಮೂವರಲ್ಲಿರಲಿ

ನಮ್ಮ ಬಡಾವಣೆಗೆ ಹೆಸರು ಕೊಟ್ಟ ಚಾಣಕ್ಯನ ಅರ್ಥಶಾಸ್ತ್ರದಲ್ಲಿ ‘ಅಕ್ಷಪಟಲ’ವೆಂಬ ಕಚೇರಿಯ ಮಾತು ಬರುತ್ತದೆ. ರಾಜ್ಯದ ಲೆಕ್ಕ, ದಾಖಲೆ ಪುಸ್ತಕಗಳನ್ನು ಇಡುವ ಸ್ಥಳ. ಅಷ್ಟು ದೊಡ್ಡ ರಾಜ್ಯತಂತ್ರಜ್ಞನಿಗೂ ಪುಸ್ತಕ ಎಲ್ಲಿಡಬೇಕೆಂಬುದು ಚಿಕ್ಕ ವಿಷಯವೆನಿಸಲಿಲ್ಲ. ನಮ್ಮ ಕೂಟಕ್ಕೂ ಅಂಥದೊಂದು ವ್ಯವಸ್ಥೆ ಈಗ ಬಂದಿದೆ. ನೋಂದಣಿ ಕೂಟದ ಹೆಸರಿನಲ್ಲಿ, ನೆನಪೋಲೆ ಕೂಟದ ಇ-ಮೇಲ್‌ಗೆ, ಪಾಸ್‌ವರ್ಡ್ ಮೂವರಲ್ಲಿ. ಆ ಮೂವರಲ್ಲಿ ಒಬ್ಬರು ನಲವತ್ತು ದಾಟಿರಬೇಕು, ಒಬ್ಬರು ಮೂವತ್ತರ ಒಳಗಿರಬೇಕು. ವರ್ಡ್‌ಪ್ರೆಸ್‌ನ ಸಲಕರಣೆಗಳ ಪಟ್ಟಿಯಲ್ಲಿ ‘ಎಕ್ಸ್‌ಪೋರ್ಟ್’ ಎಂಬುದಿದೆ. ಒತ್ತಿದರೆ ಬರಹವೆಲ್ಲಾ ಒಂದು ಕಡತವಾಗಿ ಕೈಗೆ ಬರುತ್ತದೆ. ಚಿತ್ರಗಳು ಅದರೊಳಗೆ ಇರುವುದಿಲ್ಲ, ಅವನ್ನು ಬೇರೆಯಾಗಿ ನಕಲು ಮಾಡಿಕೊಳ್ಳಬೇಕು. ಅಮಾವಾಸ್ಯೆಗೊಮ್ಮೆ ಅದು ನನ್ನ ಕೆಲಸ. ಪಂಚಾಂಗ ನೋಡುವುದು ಹೇಗೂ ಇದ್ದೇ ಇದೆ.

ಅಕ್ಕನ ಮೊಮ್ಮಗಳು ಆ ಲೇಖನ ಓದಿದಳು. ಕನ್ನಡ ಅವಳಿಗೆ ಸರಾಗವಲ್ಲ. ಫೋನಿನಲ್ಲಿ ಅಕ್ಷರ ಅಕ್ಷರ ಕೂಡಿಸಿ ಓದಿ ಹೇಳಿದಳು, ನಾನು ಈ ಕಡೆ ಸುಮ್ಮನೆ ಕೇಳಿಸಿಕೊಂಡೆ. ಅಂಗಡಿಯ ಮುಂದೆ ಅಕ್ಕ ಕಣ್ಣೊರೆಸಿಕೊಂಡ ಜಾಗಕ್ಕೆ ಬಂದಾಗ ಅವಳ ಓದು ನಿಂತಿತು. ಈ ಸಲ ಕಾರಣ ಒತ್ತಕ್ಷರವಾಗಿರಲಿಲ್ಲ.

ನಮ್ಮ ಡಬ್ಬದಲ್ಲಿ ಇನ್ನೂ ಹನ್ನೊಂದು ಸಿ.ಡಿ. ಉಳಿದಿವೆ. ನಿಮ್ಮ ಮನೆಯ ಅಟ್ಟದಲ್ಲಿ ಎಷ್ಟಿವೆಯೋ! ಸಿ.ಡಿ. ಓದುವ ಯಂತ್ರಗಳು ಕಡಿಮೆಯಾಗುತ್ತಿವೆ, ಬರೆದವರೂ ಕಡಿಮೆಯಾಗುತ್ತಿದ್ದೇವೆ. ಬರುವ ಭಾನುವಾರ ನಿಮ್ಮ ಲ್ಯಾಪ್‌ಟಾಪ್ ಎತ್ತಿಕೊಂಡು ಹತ್ತಿರದ ಹಿರಿಯರೊಬ್ಬರ ಮನೆಗೆ ಹೋಗಿ ಕೂತುಬಿಡಿ. ಅವರು ಓದಲಿ, ನೀವು ಒತ್ತಿ. ನಮ್ಮ ಮನೆಗೇ ಬರುವುದಾದರೆ ಕೋಡುಬಳೆ ಕರಿದಿಟ್ಟಿರುತ್ತೇನೆ.