ಹಾಲು ಕರೆದು ನೋಡಿ ತಂದ ಕಾರು

ಕಳೆದ ವರ್ಷ ಮಳೆಗಾಲದ ಒಂದು ರಾತ್ರಿ ಹಾಸನದಿಂದ ಅಮ್ಮನ ಫೋನ್. ‘ಅಪ್ಪಂಗೆ ಎದೆನೋವು ಕಣೇ, ಆಸ್ಪತ್ರೆಗೆ ಕರ್ಕೊಂಡು ಬಂದಿದೀವಿ.’ ಆಗ ಹನ್ನೊಂದು ಗಂಟೆ. ನಾಗರಬಾವಿಯಿಂದ ಹಾಸನಕ್ಕೆ ಬರ್ತೀನಿ ಅನ್ನೋ ಒಂದು ಕ್ಯಾಬ್ ಸಿಗೋಕೆ ಒಂದೂವರೆ ಗಂಟೆ ಬೇಕಾಯಿತು. ಅಪ್ಪನಿಗೆ ಸ್ಟೆಂಟ್ ಹಾಕಿದರು, ಉಳಿದುಕೊಂಡರು. ವಾಪಸ್ ಬರುವಾಗ ಬಸ್ಸಿನಲ್ಲೇ ನಾನೂ ನನ್ನ ಗಂಡನೂ ತೀರ್ಮಾನ ಮಾಡಿದೆವು: ಇನ್ನು ಮನೆ ಮುಂದೆ ಒಂದು ಕಾರು ಇರಲೇಬೇಕು.

ದಿನಕ್ಕೆ 40 ಕಿ.ಮೀ. ಆಫೀಸ್ ಓಡಾಟ. ಪೆಟ್ರೋಲ್ ಲೆಕ್ಕ ಹಾಕಿದ ಮೇಲೆ ಎಲೆಕ್ಟ್ರಿಕ್ ಅನ್ನೋದರಲ್ಲಿ ಅನುಮಾನ ಉಳಿಯಲಿಲ್ಲ. ಹೊಸದೋ, ಸೆಕೆಂಡ್ ಹ್ಯಾಂಡೋ ಅನ್ನೋದೇ ತಲೆನೋವು.

ಕೈಯಲ್ಲಿದ್ದದ್ದು ನಾಲ್ಕು ಲಕ್ಷ

ನಮಗೆ ಇಷ್ಟವಾದ ಹೊಸ ಕಾರು ಆನ್‌ರೋಡ್ 16 ಲಕ್ಷ. 12 ಲಕ್ಷ ಸಾಲ, ಐದು ವರ್ಷ, ತಿಂಗಳಿಗೆ ಹತ್ತಿರ ಹತ್ತಿರ 25 ಸಾವಿರ ಕಂತು. ಮೂರು ವರ್ಷ ಓಡಿದ ಕಾರಿಗೆ ಎಂಟೂ ಕಾಲು ಲಕ್ಷ ಕೇಳುತ್ತಿದ್ದರು. ಹಳೇ ಕಾರಿನ ಸಾಲಕ್ಕೆ ಬಡ್ಡಿ ಜಾಸ್ತಿ, ಆದರೂ ಕಂತು 11 ಸಾವಿರ ಚಿಲ್ಲರೆ. ಅಪ್ಪನ ಔಷಧಿ, ಚೆಕಪ್ ಖರ್ಚು ಈಗ ನಮ್ಮ ಮೇಲೇ ಇರೋದರಿಂದ ಆ 14 ಸಾವಿರದ ವ್ಯತ್ಯಾಸ ಸಣ್ಣದಾಗಿರಲಿಲ್ಲ.

ಸೆಕೆಂಡ್ ಹ್ಯಾಂಡ್ ಇವಿ ಇಷ್ಟು ಅಗ್ಗ ಯಾಕೆ? ಪ್ರತಿ ವರ್ಷ ಇನ್ನೂ ದೊಡ್ಡ ಬ್ಯಾಟರಿಯ ಹೊಸ ಮಾಡೆಲ್ ಬರುತ್ತೆ, ಹಳೆಯದರ ಬೆಲೆ ಇಳಿಯುತ್ತೆ. ಜೊತೆಗೆ ಬ್ಯಾಟರಿ ಕೈಕೊಟ್ಟರೆ ಲಕ್ಷಗಟ್ಟಲೆ ಅನ್ನೋ ಭಯ. ಆ ಭಯ ಸುಳ್ಳಲ್ಲ.

ಡ್ಯಾಶ್‌ಬೋರ್ಡ್ ನಂಬಿದ್ದರೆ ಮುಗೀತಿತ್ತು

ಮೊದಲು ನೋಡಿದ ಕಾರು ಫಳಫಳ ಹೊಳೆಯುತ್ತಿತ್ತು. ಫುಲ್ ಚಾರ್ಜ್, ಸ್ಕ್ರೀನ್ ಮೇಲೆ ‘240 ಕಿ.ಮೀ.’ ಅಂತಿತ್ತು. ಅಡ್ವಾನ್ಸ್ ಕೊಡೋಕೆ ರೆಡಿಯಾಗಿ ಅಪ್ಪನಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಹಸ ತಗೊಳ್ಳೋವಾಗ ಎರಡು ಹೊತ್ತು ಹಾಲು ಕರ್ದು ನೋಡ್ತೀವಿ ಕಣವ್ವ. ಮಾರೋನ ಬಾಯಿ ಮಾತು ಕೇಳ್ಕೊಂಡು ಯಾರಾದ್ರೂ ಹಗ್ಗ ಹಿಡ್ಕೊಂಡು ಬರ್ತಾರಾ?’

ಸರಿ, ನಾವೂ ಹಾಲು ಕರೆದು ನೋಡೋಣ ಅಂತ 100 ಪರ್ಸೆಂಟ್ ಚಾರ್ಜ್‌ನಲ್ಲಿ ತುಮಕೂರು ರಸ್ತೆಗೆ ಇಳಿದೆವು. ಎಸಿ ಹಾಕಿ, ಗಂಟೆಗೆ 70–80 ವೇಗದಲ್ಲಿ 60 ಕಿ.ಮೀ. ಓಡಿಸಿದೆವು. 42 ಪರ್ಸೆಂಟ್ ಖಾಲಿ! ಅಂದರೆ ಪೂರ್ತಿ ಚಾರ್ಜ್‌ಗೆ 143 ಕಿ.ಮೀ. ಸ್ಕ್ರೀನ್ ತೋರಿಸೋದು ಹಿಂದೆ ಓಡಿದ ರೀತಿ ನೋಡಿ ಮಾಡಿದ ಅಂದಾಜು. ಸಿಟಿಯಲ್ಲಿ ನಿಧಾನಕ್ಕೆ ಓಡಿಸಿದ್ದರೆ ಅಂಕಿ ಉಬ್ಬುತ್ತೆ. ಮಾರುವವರ ಮುಖ ಸಣ್ಣದಾಯಿತು, ನಾವು ಆಟೊ ಹತ್ತಿ ಮನೆಗೆ ಬಂದೆವು.

ಆಮೇಲೆ ನೋಡಿದ್ದು ಒಂದು ಹಳೇ ನೆಕ್ಸಾನ್ ಇವಿ. 2020ರಲ್ಲಿ ಬಂದ ಈ ಮಾದರಿಯ ಮೊದಲ ಬ್ಯಾಟರಿ 30.2 ಕಿಲೊವಾಟ್ ಅವರ್, ಪ್ರಮಾಣೀಕೃತ ರೇಂಜ್ 312 ಕಿ.ಮೀ. ಅದು ಲ್ಯಾಬ್ ಲೆಕ್ಕ, ರಸ್ತೆಯದ್ದಲ್ಲ. ಅದೇ ರಸ್ತೆ, ಅದೇ ವೇಗ, ಅದೇ 60 ಕಿ.ಮೀ. ಈ ಸಲ ಇಳಿದದ್ದು 30 ಪರ್ಸೆಂಟ್. ಅಂದರೆ 200 ಕಿ.ಮೀ.

ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ಫಾಸ್ಟ್ ಚಾರ್ಜರ್‌ನಲ್ಲಿ 20ರಿಂದ 80 ಪರ್ಸೆಂಟ್‌ವರೆಗೆ ಚಾರ್ಜ್ ಮಾಡಿ, ಬಿಲ್‌ನಲ್ಲಿ ಎಷ್ಟು ಯೂನಿಟ್ ಬಂತು ನೋಡಿ. 30 ಯೂನಿಟ್ ಬ್ಯಾಟರಿಗೆ 18ರ ಆಸುಪಾಸು ಬರಬೇಕು. 14ಕ್ಕೇ ನಿಂತರೆ ಬ್ಯಾಟರಿ ಸೊರಗಿದೆ ಅಂತ ಅರ್ಥ. ಸರ್ವಿಸ್ ಸೆಂಟರ್‌ನಿಂದ ಬ್ಯಾಟರಿ ಆರೋಗ್ಯದ ರಿಪೋರ್ಟ್ ಕೂಡ ಕೇಳಿ. ಕೊಡಿಸೋಕೆ ಮಾರುವವರು ಹಿಂದೆಮುಂದೆ ನೋಡಿದರೆ ನೀವೂ ಹಿಂದೆ ಸರಿಯಿರಿ.

ಕಾಗದದಲ್ಲಿ ನೋಡಬೇಕಾದ್ದು

ನಮ್ಮಲ್ಲಿ ಹೆಚ್ಚಿನ ಇವಿಗಳ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ, ಯಾವುದು ಮೊದಲೋ ಅದು. ಲೆಕ್ಕ ಶುರುವಾಗೋದು ಮೊದಲ ಮಾಲೀಕರು ಕೊಂಡಾಗಿನಿಂದ, ನೀವು ಕೊಂಡ ದಿನದಿಂದಲ್ಲ. ಕೆಲವು ಕಂಪನಿಗಳ ಉದ್ದದ ವಾರಂಟಿ ಮೊದಲ ಮಾಲೀಕರಿಗೆ ಮಾತ್ರ. ಸರ್ವಿಸ್ ತಪ್ಪಿಸಿದ್ದರೆ ವಾರಂಟಿ ಉಳಿದಿದೆಯಾ ಅಂತ ಬರಹದಲ್ಲೇ ಕೇಳಿ. 2024ರಲ್ಲಿ ಬಂದ ಎಂಜಿ ವಿಂಡ್ಸರ್‌ನಂಥ ಕಾರನ್ನು ಬ್ಯಾಟರಿ ಬಾಡಿಗೆ ಲೆಕ್ಕದಲ್ಲೂ ಮಾರಿದ್ದಾರೆ. ಅಂಥದ್ದಾದರೆ ಕಾರು ನಿಮ್ಮದು, ಬ್ಯಾಟರಿ ಯಾರದು ಅಂತ ವಿಚಾರಿಸಿಯೇ ಸಹಿ ಹಾಕಿ.

ಕಾರಿಗಿಂತ ಮೊದಲು ಪ್ಲಗ್ ಪಾಯಿಂಟ್

ನಾವಿರೋದು ಬಾಡಿಗೆ ಮನೆ. ಓನರ್ ಆಂಟಿ ಮೊದಲು ‘ಕರೆಂಟ್ ಶಾಕ್ ಗಿಕ್ ಆದ್ರೆ?’ ಅಂತ ಒಪ್ಪಲಿಲ್ಲ. ಎಲೆಕ್ಟ್ರೀಷಿಯನ್ ಕರೆಸಿ, ಅರ್ಥಿಂಗ್ ತೋರಿಸಿ, ನಮ್ಮ ಮೀಟರ್‌ನಿಂದಲೇ 15 ಆಂಪ್ ಪಾಯಿಂಟ್ ಎಳೆಸಿದ ಮೇಲೆ ಹೂಂ ಅಂದರು. ಖಾಲಿಯಿಂದ ಫುಲ್‌ಗೆ ಹತ್ತು ಗಂಟೆ ಬೇಕು, ಆದರೆ ದಿನದ 40 ಕಿ.ಮೀ.ಗೆ ಆರು ಯೂನಿಟ್ ಸಾಕು, ಎರಡು ಮೂರು ಗಂಟೆಯ ಕೆಲಸ. ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿದರೂ ಕಿಲೋಮೀಟರ್‌ಗೆ ಸುಮಾರು ಒಂದು ರೂಪಾಯಿ. ಮನೆಯಲ್ಲಿ ಚಾರ್ಜಿಂಗ್‌ಗೆ ದಾರಿಯಿಲ್ಲದಿದ್ದರೆ ಹೊಸದೂ ಬೇಡ, ಹಳೆಯದೂ ಬೇಡ ಅನ್ನೋದು ನನ್ನ ಅಭಿಪ್ರಾಯ.

ಹಾಗಾದ್ರೆ ಯಾವುದು?

ವಾರವಾರ ಹೈವೇ ಓಡಾಟ, ದಿನಕ್ಕೆ ನೂರರ ಹತ್ತಿರ ಕಿಲೋಮೀಟರ್, ಎಂಟು ಹತ್ತು ವರ್ಷ ಅದೇ ಕಾರು ಇಟ್ಟುಕೊಳ್ಳೋ ಯೋಚನೆ, ಇಷ್ಟಿದ್ದರೆ ಹೊಸದೇ ಸರಿ. ಸಿಟಿಯೊಳಗಿನ ಓಡಾಟ, ಮನೆಯಲ್ಲಿ ಪ್ಲಗ್, ವಾರಂಟಿ ಇನ್ನೂ ನಾಲ್ಕೈದು ವರ್ಷ ಬಾಕಿ ಇದ್ದರೆ ಹಳೆಯದು ಧೈರ್ಯವಾಗಿ ತಗೊಳ್ಳಿ.

ನಾವು ನೆಕ್ಸಾನ್ ತಂದೆವು. ಹಾಸನ ಇಲ್ಲಿಂದ ಸುಮಾರು 185 ಕಿ.ಮೀ. ಲೆಕ್ಕಕ್ಕೆ ಮುಟ್ಟುತ್ತೆ, ಆದರೆ ಆ ಧೈರ್ಯ ನಾನು ಮಾಡಲ್ಲ. ದಾರಿಯಲ್ಲಿ ಅರ್ಧ ಗಂಟೆ ಚಾರ್ಜ್‌ಗೆ ನಿಲ್ಲಲೇಬೇಕು. ದೊಡ್ಡ ಬ್ಯಾಟರಿಯ ಹೊಸ ಕಾರಾಗಿದ್ದರೆ ಆ ಅರ್ಧ ಗಂಟೆ ಉಳೀತಿತ್ತು ಅನ್ನೋದು ನನಗೆ ಗೊತ್ತು. ಅದಕ್ಕೇ ಕಾರು ರಾತ್ರಿ ಯಾವತ್ತೂ 80ಕ್ಕಿಂತ ಕೆಳಗೆ ಮಲಗಲ್ಲ.

ಮೊನ್ನೆ ಅಪ್ಪನಿಗೆ ಇದನ್ನೇ ಹೇಳಿಕೊಂಡೆ. ‘ಅವತ್ತು ಒಂದೂವರೆ ಗಂಟೆ ಬೀದೀಲಿ ನಿಂತಿದ್ದೆಯಲ್ಲವ್ವ, ಅದರಲ್ಲಿ ಒಂದು ಗಂಟೆ ಉಳೀತಲ್ಲ’ ಅಂದರು. ಆಮೇಲೆ ಮೆಲ್ಲಗೆ ಕೇಳಿದರು, ‘ಎಷ್ಟು ಕರೀತದೆ ಈಗ?’

‘ಇನ್ನೂರು, ಅಪ್ಪ.’

‘ಹಂಗಾದ್ರೆ ಒಳ್ಳೇ ಹಸನೇ.’